ಪರೀಕ್ಷೆ ಯಾರ ಕೋರಿಕೆಯ ಮೇರೆಗೆ? ಪುನರುಜ್ಜೀವನ ಕಾಲದ ವಧೂವರ ತಪಾಸಣೆ

ನ್ಯಾಯವೈದ್ಯಶಾಸ್ತ್ರದ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ನಾವು ಮೊದಲು ಕಲಿಸುವುದು ದೇಹವನ್ನು ಪರೀಕ್ಷಿಸುವ ಕ್ರಮವನ್ನಲ್ಲ, ವರದಿಯನ್ನು ಓದುವ ಕ್ರಮವನ್ನು. ಕೊನೆಯಲ್ಲಿರುವ ಅಭಿಪ್ರಾಯಕ್ಕೆ ನೇರವಾಗಿ ಹಾರಬಾರದು. ಪರೀಕ್ಷೆಯನ್ನು ಕೋರಿದವರು ಯಾರು, ಅವರು ಕೇಳಿದ ಪ್ರಶ್ನೆ ಏನು, ಪರೀಕ್ಷೆಗೆ ಒಳಗಾದ ವ್ಯಕ್ತಿಯ ಒಪ್ಪಿಗೆ ಇತ್ತೇ, ನೋಡಿದವರು ಎಷ್ಟನ್ನು ನಿಜವಾಗಿ ನೋಡಿದರು ಎಂಬ ಮೇಲಿನ ಸಾಲುಗಳನ್ನು ಮೊದಲು ಓದಬೇಕು. ಹದಿನೈದು ಮತ್ತು ಹದಿನಾರನೆಯ ಶತಮಾನಗಳ ಯುರೋಪಿನ ಅರಸು ಮನೆತನಗಳು ಮದುವೆಗೆ ಮುನ್ನ ವಧುವಿನ, ಅಪರೂಪಕ್ಕೆ ವರನ ದೇಹವನ್ನು ಹೇಗೆ ತಪಾಸಣೆ ಮಾಡುತ್ತಿದ್ದವು ಎಂಬುದಕ್ಕೆ ಪತ್ರಗಳ ರೂಪದ ದಾಖಲೆಗಳು ಧಾರಾಳವಾಗಿ ಉಳಿದಿವೆ. ಅವುಗಳನ್ನು ಇದೇ ಕ್ರಮದಲ್ಲಿ ಓದಿದರೆ, ವೈದ್ಯಕೀಯವೆಂದು ಕಾಣುವ ಎಷ್ಟೋ ತಪಾಸಣೆಗಳ ಫಲಿತಾಂಶ ವೈದ್ಯರು ಬಾಗಿಲು ತಟ್ಟುವ ಮೊದಲೇ ಹೆಚ್ಚುಕಡಿಮೆ ನಿರ್ಧಾರವಾಗಿತ್ತು ಎಂಬುದು ಗೊತ್ತಾಗುತ್ತದೆ.

ಈ ದಾಖಲೆಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವುದು ವೈದ್ಯರು ಬರೆದದ್ದಲ್ಲ. ಗಂಡಿನ ತಾಯಿ ಬರೆದದ್ದು. ಫ್ಲಾರೆನ್ಸಿನ ಮೆಡಿಚಿ ಮನೆತನದ ಲುಕ್ರೆಝಿಯಾ ಟೊರ್ನಬುವೊನಿ ತನ್ನ ಮಗ ಲೊರೆಂಝೊನಿಗೆ ಹೆಣ್ಣು ನೋಡಲೆಂದು 1467ರ ಮಾರ್ಚಿನಲ್ಲಿ ರೋಮಿಗೆ ಹೋಗಿದ್ದಳು. ಅಲ್ಲಿಂದ ಗಂಡ ಪಿಯೆರೊನಿಗೆ ಬರೆದ ಪತ್ರದಲ್ಲಿ ಒರ್ಸಿನಿ ಮನೆತನದ ಕ್ಲಾರಿಚೆಯನ್ನು ಎರಡು ಬಾರಿ ಕಂಡ ವಿವರವಿದೆ. ಮೊದಲ ಸಲ ಸಂತ ಪೇತ್ರನ ಚರ್ಚಿಗೆ ಹೋಗುವ ದಾರಿಯಲ್ಲಿ ತಾಯಿಯೊಂದಿಗಿದ್ದ ಹುಡುಗಿ ರೋಮಿನ ಪದ್ಧತಿಯಂತೆ ಮೈತುಂಬ ಬಟ್ಟೆ ಹೊದ್ದಿದ್ದಳು. ಬಿಳಿ ಬಣ್ಣ, ಎತ್ತರದ ನಿಲುವು ಎಂದಷ್ಟೇ ತೋರಿತು, ಆದರೆ ಹೊದಿಕೆಯ ಕಾರಣ ಮನಸ್ಸಿಗೆ ಒಪ್ಪುವಷ್ಟು ನೋಡಲಾಗಲಿಲ್ಲ ಎಂದು ಲುಕ್ರೆಝಿಯಾ ಬರೆಯುತ್ತಾಳೆ. ಎರಡನೆಯ ಸಲ ಹುಡುಗಿಯ ಸೋದರಮಾವನಾದ ಕಾರ್ಡಿನಲ್‌ನನ್ನು ಭೇಟಿಯಾಗುವ ನೆಪದಲ್ಲಿ ಹೋದಾಗ ಆ ಹೊದಿಕೆ ಇರಲಿಲ್ಲ. ಕೂದಲು ಹೊಂಬಣ್ಣವಲ್ಲ, ಕೆಂಪಿಗೆ ತಿರುಗಿದ್ದು, ಆದರೆ ದಟ್ಟ. ಮುಖ ತುಸು ದುಂಡು, ಆದರೂ ಬೇಸರವಿಲ್ಲ. ಕೊರಳು ನೀಳ, ಸ್ವಲ್ಪ ಸಣಕಲೇ ಎನ್ನಬೇಕು. ಎದೆಯನ್ನು ಅಲ್ಲಿನವರು ಪೂರ್ತಿ ಮುಚ್ಚಿಕೊಳ್ಳುವುದರಿಂದ ನೋಡಲಾಗಲಿಲ್ಲ, ಆದರೆ ಚೆನ್ನಾಗಿರುವಂತೆ ತೋರಿತು. ಕೈ ನೀಳವಾಗಿ ನಯವಾಗಿದೆ. ನಮ್ಮ ಹುಡುಗಿಯರಂತೆ ತಲೆಯೆತ್ತಿ ನಡೆಯುವುದಿಲ್ಲ, ತುಸು ಮುಂದಕ್ಕೆ ಬಾಗಿಸುತ್ತಾಳೆ, ಅದು ನಾಚಿಕೆಯಿಂದ ಇರಬಹುದು. ಕೊನೆಗೆ ಆಕೆಯ ತೀರ್ಪು: ಸಾಧಾರಣಕ್ಕಿಂತ ಎಷ್ಟೋ ಮೇಲು, ಆದರೆ ನಮ್ಮ ಹೆಣ್ಣುಮಕ್ಕಳ ಸಮಕ್ಕೆ ಬರುವುದಿಲ್ಲ.

ಬೀಗಿತ್ತಿಯಾಗಲಿರುವವಳ ಈ ಗತ್ತನ್ನು ಬದಿಗಿಟ್ಟು ನೋಡಿದರೆ, ಪರೀಕ್ಷಾ ಟಿಪ್ಪಣಿ ಹೇಗಿರಬೇಕೆಂದು ತೋರಿಸಲು ವಿದ್ಯಾರ್ಥಿಗಳ ಮುಂದೆ ಇಡಬಹುದಾದ ಬರಹ ಇದು. ಯಾವ ಸಂದರ್ಭದಲ್ಲಿ ನೋಡಿದ್ದು, ಯಾವುದು ಕಂಡಿತು, ಯಾವುದು ಕಾಣಲಿಲ್ಲ, ಯಾವುದು ಊಹೆ ಎಂಬುದು ಬೇರೆಬೇರೆಯಾಗಿ ದಾಖಲಾಗಿದೆ. ಎದೆಯನ್ನು ನೋಡಲಾಗಲಿಲ್ಲ ಎಂದು ಬರೆಯುವ ಧೈರ್ಯ ಎಷ್ಟೋ ವೃತ್ತಿಪರ ವರದಿಗಳಲ್ಲಿ ಇರುವುದಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ, 1465ರಲ್ಲಿ, ಫ್ಲಾರೆನ್ಸಿನ ವಿಧವೆ ಅಲೆಸ್ಸಾಂಡ್ರಾ ಸ್ಟ್ರೊಝಿ ನೇಪಲ್ಸಿನಲ್ಲಿದ್ದ ಮಗ ಫಿಲಿಪ್ಪೊನಿಗೆ ಬರೆದ ಪತ್ರದಲ್ಲಿಯೂ ಇದೇ ನಿಷ್ಠೆಯಿದೆ. ಬೆಳಗಿನ ಪೂಜೆಗೆ ಬರುವ ಒಂದು ಹುಡುಗಿಯನ್ನು ನೋಡಲು ಹೋದವಳಿಗೆ ಬೇರೊಬ್ಬ ಹುಡುಗಿ ಪಕ್ಕದಲ್ಲಿ ಸಿಕ್ಕಳು. ಅವಳ ಮೈಕಟ್ಟು, ಬಣ್ಣ, ಉದ್ದ ಮುಖ, ನಡಿಗೆ ಎಲ್ಲವನ್ನೂ ಪ್ರಾರ್ಥನೆಯ ನಡುವೆಯೇ ಅಳೆದು ಬರೆದಳು. ಸ್ಟ್ರೊಝಿಗಳು ಅರಸರಲ್ಲ, ವ್ಯಾಪಾರಿ ಮನೆತನದವರು. ಆದರೆ ನೋಡುವ ಕಣ್ಣು ಒಂದೇ.

ಕ್ಲಾರಿಚೆ 1469ರಲ್ಲಿ ಲೊರೆಂಝೊನ ಮನೆ ತುಂಬಿದಳು, ಹಲವು ಮಕ್ಕಳನ್ನು ಹೆತ್ತಳು, 1488ರಲ್ಲಿ ಕ್ಷಯದಿಂದ ತೀರಿಕೊಂಡಳು. ಅತ್ತೆ ಗಮನಿಸಿದ ಸಣಕಲು ಕೊರಳಿಗೂ ಇಪ್ಪತ್ತು ವರ್ಷದ ನಂತರದ ಕ್ಷಯಕ್ಕೂ ಗಂಟು ಹಾಕುವ ಆಸೆ ಓದುವ ವೈದ್ಯರಿಗೆ ಆಗದಿರದು. ಅಂಥ ಗಂಟು ಹಾಕುವುದು ತಪ್ಪು. ಕ್ಷಯ ಆ ಕಾಲದ ಅರಮನೆಗಳಲ್ಲೂ ಮಾಮೂಲಾಗಿತ್ತು.

ಈ ಕಣ್ಣುಗಳು ಹುಡುಕುತ್ತಿದ್ದುದೇನು ಎಂಬುದಕ್ಕೆ ಆ ಕಾಲದ ವೈದ್ಯಶಾಸ್ತ್ರ ಕಾರಣ ಕೊಡುತ್ತಿತ್ತು. ಗ್ರೀಕ್ ವೈದ್ಯ ಗ್ಯಾಲೆನ್‌ನ ಪರಂಪರೆಯಲ್ಲಿ ದೇಹವೆಂದರೆ ನಾಲ್ಕು ರಸಗಳ ಸಮತೋಲ. ಗಂಡು ಉಷ್ಣ ಮತ್ತು ಶುಷ್ಕ, ಹೆಣ್ಣು ಶೀತ ಮತ್ತು ಆರ್ದ್ರ. ಗರ್ಭ ನಿಲ್ಲಬೇಕಾದರೆ ಇಬ್ಬರ ಬೀಜವೂ ಹದವಾಗಿರಬೇಕು. ಒಳಗಿನ ಈ ಹದವನ್ನು ಹೊರಗಿನ ಚರ್ಮದ ಬಣ್ಣ, ಕೂದಲಿನ ದಟ್ಟಣೆ, ಉಸಿರಿನ ವಾಸನೆ, ಮೈಯ ತುಂಬಿಕೆಗಳಿಂದ ಓದಬಹುದು ಎಂಬ ನಂಬಿಕೆಯಿಂದಲೇ ಉಸಿರು ಕೆಟ್ಟ ವಾಸನೆ ಬರುವುದು ಹಲ್ಲಿನ ತೊಂದರೆಯಾಗಿ ಕಾಣದೆ ಒಳಗಿನ ಕೊಳೆತದ ಗುರುತಾಗಿ ಕಾಣುತ್ತಿತ್ತು. ಇದರ ಜೊತೆಗೆ ಒಂದು ವ್ಯಾವಹಾರಿಕ ಲೆಕ್ಕವೂ ಇತ್ತು. ಲಿಯೋನ್ ಬಟಿಸ್ಟಾ ಆಲ್ಬರ್ಟಿ 1430ರ ದಶಕದಲ್ಲಿ ಸಂಸಾರದ ಬಗ್ಗೆ ಬರೆಯುವಾಗ, ಹೆಣ್ಣಿನ ಮುಖದ ಚೆಲುವಿಗಿಂತ ಹೆಚ್ಚು ಮಕ್ಕಳನ್ನು ಹೆರಬಲ್ಲ ಮೈಕಟ್ಟನ್ನು ನೋಡಬೇಕೆಂದು ಹೇಳಿದ್ದ. ನಮ್ಮಲ್ಲಿ ಹಿರಿಯರು ಹೆಣ್ಣಿನ ತವರಿನಲ್ಲಿ ಎಷ್ಟು ಗಂಡುಮಕ್ಕಳೆಂದು ವಿಚಾರಿಸುತ್ತಿದ್ದುದನ್ನು ಕಂಡವರಿಗೆ ಈ ತರ್ಕ ಹೊಸದಲ್ಲ.

ತಾಯಿಯ ಕಣ್ಣಿನಿಂದ ವೈದ್ಯರ ಕೈಗೆ ವಿಷಯ ಹೋದಾಗ ಏನಾಗುತ್ತಿತ್ತು ಎಂಬುದಕ್ಕೆ ಮಾಂಟುವಾದ ಗೊನ್ಝಾಗ ಮನೆತನದ ಕಥೆ ಸಾಕ್ಷಿ. ಮಿಲಾನಿನ ಡ್ಯೂಕ್ ಫ್ರಾಂಚೆಸ್ಕೊ ಸ್ಫೋರ್ಝಾನ ಮಗ ಗಲೆಯಾಝೊ ಮರಿಯಾನಿಗೂ ಮಾಂಟುವಾದ ಮಾರ್ಕ್ವಿಸ್ ಲುಡೊವಿಕೊ ಗೊನ್ಝಾಗನ ಮಗಳು ಸುಸಾನ್ನಾಳಿಗೂ 1450ರಲ್ಲಿ, ಇಬ್ಬರೂ ಇನ್ನೂ ಮಕ್ಕಳಾಗಿದ್ದಾಗಲೇ, ಸಂಬಂಧ ಗೊತ್ತಾಯಿತು. ಬೆಳೆಯುತ್ತ ಬಂದಂತೆ ಸುಸಾನ್ನಾಳ ಬೆನ್ನು ಗೂನಾಗತೊಡಗಿತು. ಗೂನು ಗೊನ್ಝಾಗ ಮನೆತನದಲ್ಲಿ ಮತ್ತೆಮತ್ತೆ ಕಾಣಿಸುತ್ತಿದ್ದ ದೋಷ. ಲುಡೊವಿಕೊನ ತಾಯಿ ಪಾವೋಲಾ ಮಲಟೆಸ್ಟಾಳಿಂದ ಅದು ಮನೆಗೆ ಬಂತೆಂದು ಜನ ಹೇಳುತ್ತಿದ್ದರು. 1457ರಲ್ಲಿ ಸುಸಾನ್ನಾಳನ್ನು ಬಿಟ್ಟು ತಂಗಿ ಡೊರೊಟೆಯಾಳನ್ನು ಆ ಜಾಗಕ್ಕೆ ಗೊತ್ತು ಮಾಡಲಾಯಿತು. ಅಕ್ಕ ಸನ್ಯಾಸಿನಿಯರ ಮಠ ಸೇರಿದಳು. ಡೊರೊಟೆಯಾಳಿಗೆ 14 ತುಂಬುವ ಹೊತ್ತಿಗೆ, 1463ರ ಸುಮಾರಿಗೆ, ಮಿಲಾನಿನವರು ಹೊಸ ಬೇಡಿಕೆ ಮುಂದಿಟ್ಟರು: ತಮ್ಮ ವೈದ್ಯರು ಹುಡುಗಿಯನ್ನು ಬಟ್ಟೆ ಕಳಚಿಸಿ ನೋಡಬೇಕು, ಅಕ್ಕನ ರೋಗ ಇವಳಿಗಿಲ್ಲವೆಂದು ಖಚಿತವಾಗಬೇಕು. ಲುಡೊವಿಕೊ ಇದಕ್ಕೆ ಒಪ್ಪಲಿಲ್ಲ.

ಇಲ್ಲಿ ವೃತ್ತಿಯ ದೃಷ್ಟಿಯಿಂದ ಒಂದು ಮಾತನ್ನು ಮಿಲಾನಿನ ಪರವಾಗಿಯೂ ಹೇಳಬೇಕು. ಬೆನ್ನೆಲುಬು ಪಕ್ಕಕ್ಕೆ ಡೊಂಕಾಗುವ ತೊಂದರೆ ಬಹಳಷ್ಟು ಮಕ್ಕಳಲ್ಲಿ ಹತ್ತರಿಂದ ಹದಿನೈದರ ನಡುವೆ, ಮೈ ಸರ್ರನೆ ಎತ್ತರವಾಗುವ ಕಾಲದಲ್ಲಿ ಬಯಲಾಗುತ್ತದೆ. ಹುಡುಗಿಯರಲ್ಲಿ ಅದು ಉಲ್ಬಣಿಸುವ ಸಂಭವವೂ ಹೆಚ್ಚು. ಎಂಟನೆಯ ವಯಸ್ಸಿನಲ್ಲಿ ನೆಟ್ಟಗಿದ್ದ ಬೆನ್ನು ಹದಿನಾಲ್ಕಕ್ಕೆ ಹಾಗೆಯೇ ಇದೆಯೆಂದು ನಂಬಲು ಆಧಾರವಿಲ್ಲ. ಇಂದಿಗೂ ನಾವು ಬೆನ್ನನ್ನು ಬರಿದು ಮಾಡಿ, ಮಗುವನ್ನು ಮುಂದಕ್ಕೆ ಬಗ್ಗಿಸಿ, ಎರಡೂ ಭುಜದೆಲುಬುಗಳು ಒಂದೇ ಮಟ್ಟದಲ್ಲಿವೆಯೇ ಎಂದು ಹಿಂದಿನಿಂದ ನೋಡುತ್ತೇವೆ; ಆಗಿನ ಬಿಗಿಯಾದ, ಒಳಗೆ ದಪ್ಪ ಪದರಗಳಿದ್ದ ಉಡುಪಿನ ಮೇಲಿಂದ ಅದನ್ನು ನೋಡಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ಬೆನ್ನನ್ನು ನೋಡಬೇಕೆಂಬ ಕೋರಿಕೆಯಲ್ಲಿ ವೈದ್ಯಕೀಯ ಅರ್ಥವಿತ್ತು. ಪೂರ್ತಿ ಬೆತ್ತಲೆ ನಿಲ್ಲಿಸಬೇಕೆಂಬುದಕ್ಕೆ ಅಂಥ ಅರ್ಥವಿರಲಿಲ್ಲ. ಗೂನನ್ನು ನೋಡಲು ಬೆನ್ನು ಸಾಕು.

ಈಗ ವರದಿಯ ಮೇಲಿನ ಸಾಲಿಗೆ ಬರೋಣ. ಪರೀಕ್ಷೆ ಕೋರಿದವನು ಫ್ರಾಂಚೆಸ್ಕೊ ಸ್ಫೋರ್ಝಾ, ಕೋರಿದ ಕಾಲ 1463. ಅದೇ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ಜಿನೋವಾ ಮತ್ತು ಸವೋನಾಗಳ ಮೇಲಿನ ತನ್ನ ಹಕ್ಕನ್ನು ಸ್ಫೋರ್ಝಾನಿಗೆ ಬಿಟ್ಟುಕೊಟ್ಟ. ಮಿಲಾನಿಗೆ ಫ್ರಾನ್ಸಿನ ನೆಂಟಸ್ತಿಕೆ ಈಗ ಕೈಗೆಟುಕುವಂತಿತ್ತು. ಹಿಂದೆ ಘನವೆನಿಸಿದ್ದ ಮಾಂಟುವಾದ ಸಂಬಂಧ ಸಣ್ಣದಾಗಿ ಕಾಣತೊಡಗಿತ್ತು. ಒಪ್ಪಲಾಗದ ಪರೀಕ್ಷೆಯನ್ನು ಕೇಳಿದರೆ ಮಾತು ಮುರಿದ ಅಪವಾದ ಎದುರು ಪಕ್ಷದ ಮೇಲೆ ಬೀಳುತ್ತದೆ ಎಂಬುದು ರಾಜಕಾರಣ ಬಲ್ಲವರಿಗೆ ತಿಳಿಯದ ಸಂಗತಿಯಲ್ಲ. ಡೊರೊಟೆಯಾ 1467ರಲ್ಲಿ ತೀರಿಕೊಂಡಳು. ಮರುವರ್ಷ ಗಲೆಯಾಝೊ ಮರಿಯಾ ಲೂಯಿಯ ಹೆಂಡತಿಯ ತಂಗಿ, ಸವಾಯ್ ಮನೆತನದ ಬೋನಾಳನ್ನು ಮದುವೆಯಾದ. ಬೋನಾಳ ವಿಷಯದಲ್ಲಿ ಬಟ್ಟೆ ಕಳಚಿಸುವ ಮಾತು ಬರಲಿಲ್ಲ, ಆಸ್ಥಾನದ ಚಿತ್ರಕಾರ ಝನೆಟ್ಟೊ ಬುಗಾಟ್ಟೊನನ್ನು ಫ್ರಾನ್ಸಿಗೆ ಕಳಿಸಿ ಭಾವಚಿತ್ರ ಬರೆಸಿ ತರಿಸಲಾಯಿತು.

ಇದೇ ಮನೆತನದ ಮುಂದಿನ ಪುಟವನ್ನೂ ಇಲ್ಲಿಯೇ ತಿರುವಿಬಿಡುವುದು ಒಳ್ಳೆಯದು. ಸುಮಾರು ನೂರು ವರ್ಷಗಳ ನಂತರ ಮಾಂಟುವಾದ ಡ್ಯೂಕ್ ಆದ ಗುಲಿಯೆಲ್ಮೊ ಗೊನ್ಝಾಗನ ಬೆನ್ನಿನಲ್ಲಿ ಗೂನು ಎದ್ದು ಕಾಣುತ್ತಿತ್ತು. 1550ರಲ್ಲಿ ಅಣ್ಣ ಸತ್ತಾಗ, ಪಟ್ಟವನ್ನು ತಮ್ಮನಿಗೆ ಬಿಟ್ಟು ಚರ್ಚಿನ ಸೇವೆಗೆ ಹೋಗೆಂದು ಬಂಧುಗಳು ಒತ್ತಾಯಿಸಿದರೂ ಅವನು ಕದಲಲಿಲ್ಲ. 1561ರಲ್ಲಿ ಚಕ್ರವರ್ತಿ ಮೊದಲನೆಯ ಫರ್ಡಿನೆಂಡನ ಮಗಳು ಎಲಿಯನೊರಾಳನ್ನು ಮದುವೆಯಾಗಿ 1587ರವರೆಗೂ ಆಳಿದ. ಗೂನು ಬರಬಹುದೆಂಬ ಗುಮಾನಿಗೆ ಹುಡುಗಿ ಸಂಬಂಧ ಕಳೆದುಕೊಂಡ ಮನೆಯಲ್ಲಿ ಗೂನಿದ್ದ ಗಂಡಿಗೆ ಚಕ್ರವರ್ತಿಯ ಮಗಳೇ ಸಿಕ್ಕಿದಳು.

ಇಂಗ್ಲೆಂಡಿನ ಏಳನೆಯ ಹೆನ್ರಿಯ ದಾಖಲೆ ಪ್ರಶ್ನಾವಳಿಯ ರೂಪದಲ್ಲಿದೆ. ಹೆಂಡತಿ 1503ರಲ್ಲಿ ತೀರಿಕೊಂಡ ಮೇಲೆ, 1505ರಲ್ಲಿ ಅವನು ಮೂವರು ದೂತರನ್ನು ಸ್ಪೇನಿನ ವೆಲೆನ್ಸಿಯಾದಲ್ಲಿದ್ದ ನೇಪಲ್ಸಿನ ವಿಧವೆ ರಾಣಿ ಜೋನಾಳ ಬಳಿಗೆ 24 ಅಂಶಗಳ ಸೂಚನಾಪತ್ರದೊಂದಿಗೆ ಕಳಿಸಿದ. ಅವಳ ಮುಖಕ್ಕೆ ಬಣ್ಣ ಬಳಿದಿದೆಯೇ, ತುಟಿಯ ಮೇಲೆ ಕೂದಲಿದೆಯೇ, ಬೆರಳು ಉದ್ದವೋ ಗಿಡ್ಡವೋ, ಎದೆ ದೊಡ್ಡದೋ ಚಿಕ್ಕದೋ ಎಂದು ನೋಡಬೇಕು. ಎತ್ತರ ಅಳೆಯುವಾಗ ಮೋಸಹೋಗದಂತೆ ಪಾದರಕ್ಷೆಯ ಅಟ್ಟೆ ಎಷ್ಟು ಎತ್ತರವೆಂದು ಗಮನಿಸಬೇಕು. ಆದಷ್ಟೂ ಅವಳ ಬಾಯಿಯ ಸಮೀಪಕ್ಕೆ ಹೋಗಿ ಉಸಿರು ಹೇಗಿದೆ, ಪನ್ನೀರು ಕಸ್ತೂರಿಗಳ ಪರಿಮಳವೇನಾದರೂ ಬರುತ್ತದೆಯೇ ಎಂದು ತಿಳಿಯಬೇಕು. ದೂತರ ಉತ್ತರಗಳು ಪ್ರಶ್ನೆಯಷ್ಟೇ ಶಿಸ್ತಿನವು. ತುಟಿಯ ಮೇಲೆ ಕೂದಲು ಕಾಣಲಿಲ್ಲ. ಎದೆ ತುಂಬಿಕೊಂಡಿದ್ದು, ಆ ದೇಶದ ಪದ್ಧತಿಯಂತೆ ಎತ್ತರಿಸಿ ಕಟ್ಟಿದ್ದಾರೆ. ಎತ್ತರವನ್ನು ಸರಿಯಾಗಿ ಹೇಳಲು ಪಾದರಕ್ಷೆಯೇ ಅಡ್ಡಿ. ಬಾಯಿಯ ಅಷ್ಟು ಹತ್ತಿರಕ್ಕೆ ಹೋಗುವ ಅವಕಾಶ ಸಿಗಲಿಲ್ಲ. ಚೆನ್ನಾಗಿ ಉಣ್ಣುತ್ತಾಳೆ, ಕುಡಿಯುವುದು ಹೆಚ್ಚಾಗಿ ನೀರು, ಕೆಲವೊಮ್ಮೆ ದಾಲ್ಚಿನ್ನಿ ಹಾಕಿ ಕುದಿಸಿದ ನೀರು. ಇಷ್ಟೆಲ್ಲ ಆದಮೇಲೆ ಸಂಬಂಧ ಬಿದ್ದುಹೋಯಿತು. ಅದೇ ದೂತರು ಅವಳ ಜೀವನಾಂಶದ ಆಸ್ತಿಯ ಬಗೆಗೂ ವಿಚಾರಿಸಿ ಬಂದಿದ್ದರು, ಅಲ್ಲಿ ಹೆನ್ರಿ ನಿರೀಕ್ಷಿಸಿದ್ದು ಸಿಗಲಿಲ್ಲ. ದೇಹದ ಕಾಗದದಲ್ಲಿ ತೇರ್ಗಡೆಯಾದವಳು ಆಸ್ತಿಯ ಕಾಗದದಲ್ಲಿ ಉಳಿಯಲಿಲ್ಲ.

ಚಿತ್ರಕಾರರ ಬಗ್ಗೆ ಒಂದೆರಡು ಮಾತು ಸಾಕು. ಬರ್ಗಂಡಿಯ ಡ್ಯೂಕ್ ಫಿಲಿಪ್‌ಗಾಗಿ ಯಾನ್ ವಾನ್ ಐಕ್ 1429ರಲ್ಲಿ ಪೋರ್ಚುಗಲ್ಲಿನ ಇಸಾಬೆಲ್ಲಾಳ ಎರಡು ಚಿತ್ರಗಳನ್ನು ಬರೆದ; ದಾರಿಯಲ್ಲಿ ಕಳೆದುಹೋಗಬಾರದೆಂದು ಒಂದನ್ನು ಸಮುದ್ರದ ಮೂಲಕವೂ ಇನ್ನೊಂದನ್ನು ನೆಲದ ಮೇಲೂ ಕಳಿಸಲಾಯಿತು. ಎಂಟನೆಯ ಹೆನ್ರಿಗಾಗಿ ಹೋಲ್ಬೈನ್ 1538ರಲ್ಲಿ ಡೆನ್ಮಾರ್ಕಿನ ಕ್ರಿಸ್ಟಿನಾಳನ್ನು, 1539ರಲ್ಲಿ ಕ್ಲೀವ್ಸ್‌ನ ಆ್ಯನಳನ್ನು ಚಿತ್ರಿಸಿದ. ಫ್ರಾನ್ಸಿನ ರಾಜಕುಮಾರಿಯರನ್ನು ಕಾಲೇ ಪಟ್ಟಣಕ್ಕೆ ಕರೆತಂದು ತೋರಿಸಿ ಎಂದು ಅದೇ ಹೆನ್ರಿ ಕೇಳಿದ್ದಕ್ಕೆ, ನಮ್ಮ ಹೆಣ್ಣುಮಕ್ಕಳು ಸಂತೆಗೆ ಹೊಡೆದು ತರುವ ಕುದುರೆಗಳಲ್ಲ ಎಂಬರ್ಥದ ಉತ್ತರ ಫ್ರಾನ್ಸಿನಿಂದ ಹೋಗಿತ್ತು.

ವರನ ದೇಹವನ್ನು ಮದುವೆಗೆ ಮೊದಲು ಪರೀಕ್ಷಿಸುವ ರೂಢಿ ಇರಲಿಲ್ಲವೆಂದೇ ಹೇಳಬಹುದು. ಅವನ ಪರೀಕ್ಷೆಯ ಪ್ರಶ್ನೆ ಏಳುತ್ತಿದ್ದುದು ಮದುವೆ ಮುರಿಯುವಾಗ. ಕ್ರೈಸ್ತ ಧರ್ಮಶಾಸನದ ಪ್ರಕಾರ ಒಮ್ಮೆ ಆದ ಮದುವೆಯನ್ನು ಬಿಡಿಸಲು ಬಾರದು. ಆದರೆ ಸಮಾಗಮವೇ ಸಾಧ್ಯವಿಲ್ಲದಿದ್ದರೆ ಅದು ಮದುವೆಯೇ ಆಗಿರಲಿಲ್ಲವೆಂದು ಘೋಷಿಸಬಹುದು. ಹೀಗಾಗಿ ಮದುವೆಯನ್ನು ಕಳಚಿಕೊಳ್ಳಬೇಕಾದ ಅರಸರಿಗೆ ದೇಹವೇ ಬಾಗಿಲು. ಪೋಪ್ ಆರನೆಯ ಅಲೆಕ್ಸಾಂಡರ್ ತನ್ನ ಮಗಳು ಲುಕ್ರೆಝಿಯಾ ಬೋರ್ಜಾಳ ಮೊದಲ ಮದುವೆಯನ್ನು ಕೊನೆಗಾಣಿಸಬಯಸಿದಾಗ, ಅಳಿಯ ಜೊವಾನ್ನಿ ಸ್ಫೋರ್ಝಾ ಷಂಡನೆಂಬ ಕಾರಣ ಮುಂದೆ ಬಂತು. ಅವನ ಮೊದಲ ಹೆಂಡತಿ ಮದ್ದಲೇನಾ ಗೊನ್ಝಾಗ 1490ರಲ್ಲಿ ಸತ್ತದ್ದೇ ಹೆರಿಗೆಯಲ್ಲಿ. ಸಾಕ್ಷಿಗಳ ಎದುರು ಪುರುಷತ್ವವನ್ನು ತೋರಿಸಿಬಿಡು ಎಂದು ಮಿಲಾನಿನ ನೆಂಟ ಸೂಚಿಸಿದರೂ ಅವನು ಒಪ್ಪದೆ, ಒತ್ತಡಕ್ಕೆ ಮಣಿದು 1497ರ ಕೊನೆಯಲ್ಲಿ ಕಾಗದಕ್ಕೆ ಸಹಿ ಹಾಕಿದ. ಮುಂದೆ ಮತ್ತೊಂದು ಮದುವೆಯಾಗಿ ಗಂಡುಮಗುವಿನ ತಂದೆಯೂ ಆದ. 1498ರಲ್ಲಿ ಫ್ರಾನ್ಸಿನ ಹನ್ನೆರಡನೆಯ ಲೂಯಿ ತನ್ನ ಹೆಂಡತಿ, ಮೈಯಲ್ಲಿ ಊನವಿದ್ದ ಜೀನ್‌ಳೊಂದಿಗಿನ ಮದುವೆಯನ್ನು ರದ್ದುಮಾಡಿಸಿಕೊಳ್ಳಲು ಹೋದಾಗ ಅವಳು ಸೂಲಗಿತ್ತಿಯರ ಪರೀಕ್ಷೆಗೆ ಒಪ್ಪದೆ, ದೊರೆಯೇ ಪ್ರಮಾಣ ಮಾಡಿ ಹೇಳಲಿ ಎಂದಳು. ಅವನು ಪ್ರಮಾಣ ಮಾಡಿದ, ಮದುವೆ ರದ್ದಾಯಿತು. ಪರೀಕ್ಷೆಯನ್ನು ನಿರಾಕರಿಸಿದ ಇಬ್ಬರೂ ಸೋತರು ಎಂಬುದನ್ನು ಗಮನಿಸಬೇಕು.

ಇನ್ನು ಈ ಇಡೀ ವಿಷಯದಲ್ಲಿ ಹೆಚ್ಚು ವಿವರವಾಗಿ ದಾಖಲಾಗಿರುವ, ಓದಲು ಹೆಚ್ಚು ಕಷ್ಟವೆನಿಸುವ ಪ್ರಕರಣ. ಗೂನುಬೆನ್ನಿನ ಗುಲಿಯೆಲ್ಮೊನ ಮಗ ವಿನ್ಚೆಂಝೊ ಗೊನ್ಝಾಗ 1581ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಪಾರ್ಮಾದ 13 ವರ್ಷದ ಮಾರ್ಗರಿಟಾ ಫಾರ್ನೇಸೆಯನ್ನು ಮದುವೆಯಾದ. ಪ್ರಸ್ತವಾದರೂ ಸಮಾಗಮ ಸಾಧ್ಯವಾಗಲಿಲ್ಲ. ವೈದ್ಯರು ಹುಡುಗಿಯನ್ನು ಮತ್ತೆಮತ್ತೆ ಪರೀಕ್ಷಿಸಿ, ಅವಳ ಅಂಗರಚನೆಯಲ್ಲಿಯೇ ಅಡ್ಡಿಯಿದೆ ಎಂದರು. ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋದೀತೇ, ಪ್ರಾಣಕ್ಕೇ ಅಪಾಯವಾದೀತೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಮಾಂಟುವಾದವರಿಗೆ ವಾರಸುದಾರ ಬೇಕಿತ್ತು, ಪಾರ್ಮಾದವರಿಗೆ ಮಾನ ಉಳಿಯಬೇಕಿತ್ತು. ತೀರ್ಮಾನದ ಹೊಣೆ ಮಿಲಾನಿನ ಕಾರ್ಡಿನಲ್ ಕಾರ್ಲೊ ಬೊರೊಮೆಯೊನ ಪಾಲಿಗೆ ಬಂತು. 1583ರಲ್ಲಿ ಮದುವೆ ರದ್ದಾಗಿ, 16 ತುಂಬುವ ಹೊತ್ತಿಗೆ ಮಾರ್ಗರಿಟಾ ಪಾರ್ಮಾದ ಮಠದಲ್ಲಿ ಸನ್ಯಾಸಿನಿಯಾದಳು. ಅಲ್ಲಿಯೇ ಆಕೆ 1643ರವರೆಗೆ ಬದುಕಿದಳು.

ಅವಮಾನಗೊಂಡ ಫಾರ್ನೇಸೆಗಳು ದೋಷ ತಮ್ಮ ಹುಡುಗಿಯದಲ್ಲ, ಗಂಡಿನದೇ ಎಂಬ ಮಾತನ್ನು ಹರಡಿದರು. ವಿನ್ಚೆಂಝೊನಿಗೆ ಮುಂದೆ ಗೊತ್ತಾಗುತ್ತಿದ್ದ ಹೆಣ್ಣು ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಫ್ರಾಂಚೆಸ್ಕೊ ದೆ ಮೆಡಿಚಿಯ ಮಗಳು ಎಲಿಯನೊರಾ. ಹುಡುಗನ ಪುರುಷತ್ವಕ್ಕೆ ರುಜುವಾತು ಬೇಕೆಂದು ಮೆಡಿಚಿಗಳು ಪಟ್ಟು ಹಿಡಿದರು. ಆ ರುಜುವಾತಿಗಾಗಿ ಫ್ಲಾರೆನ್ಸಿನ ಅನಾಥಾಲಯದಿಂದ ಜೂಲಿಯಾ ಎಂಬ ಕನ್ಯೆಯನ್ನು ಆರಿಸಿ, ಗ್ರ್ಯಾಂಡ್ ಡ್ಯೂಕನ ಕಾರ್ಯದರ್ಶಿ ಬೆಲಿಸಾರಿಯೊ ವಿಂಟಾನ ಉಸ್ತುವಾರಿಯಲ್ಲಿ 1584ರ ಮಾರ್ಚಿನಲ್ಲಿ ವೆನಿಸ್ಸಿಗೆ ಕರೆತರಲಾಯಿತು. ಮೊದಲ ಪ್ರಯತ್ನ ರಾಜಕುಮಾರನಿಗೆ ಹೊಟ್ಟೆನೋವು ಬಂದು ನಿಂತುಹೋಯಿತು. ಕೆಲವು ದಿನಗಳ ಬಳಿಕದ ಪ್ರಯತ್ನ ಸಫಲವಾಯಿತು. ವಿಂಟಾ ಹತ್ತಿರದಲ್ಲೇ ಕಾದಿದ್ದು ಸ್ವತಃ ಖಾತ್ರಿ ಮಾಡಿಕೊಂಡದ್ದಲ್ಲದೆ, ನಂತರ ಜೂಲಿಯಾಳನ್ನು ಎಳೆಎಳೆಯಾಗಿ ಪ್ರಶ್ನಿಸಿ, ಅವಳ ಉತ್ತರಗಳನ್ನು ಫ್ಲಾರೆನ್ಸಿಗೆ ಬರೆದು ಕಳಿಸಿದ. ಏಪ್ರಿಲ್ ಮುಗಿಯುವ ಮುನ್ನ ವಿನ್ಚೆಂಝೊ ಮತ್ತು ಎಲಿಯನೊರಾರ ಮದುವೆ ನಡೆಯಿತು. ಜೂಲಿಯಾಳಿಗೆ ವರದಕ್ಷಿಣೆ ಕೊಟ್ಟು ಬೇರೊಬ್ಬನಿಗೆ ಮದುವೆ ಮಾಡಿಸಿದರು. (ಮುಂದೆ 1610ರಲ್ಲಿ ಗೆಲಿಲಿಯೊ ಮೆಡಿಚಿಗಳ ಆಸ್ಥಾನದಲ್ಲಿ ಕೆಲಸಕ್ಕಾಗಿ ಪತ್ರ ಬರೆದದ್ದು ಇದೇ ವಿಂಟಾನಿಗೆ.)

ವಿಂಟಾನ ಪತ್ರಗಳನ್ನು ಹಾಸ್ಯಪ್ರಸಂಗದಂತೆ ಹೇಳುವ ರೂಢಿಯಿದೆ. ಪರೀಕ್ಷಕನ ಕಣ್ಣಿನಿಂದ ನೋಡಿದಾಗ ನಗು ಬರುವುದಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾದವನು ರಾಜಕುಮಾರನೆಂದು ದಾಖಲೆ ಹೇಳುತ್ತದೆ, ಆದರೆ ಪರೀಕ್ಷೆಯ ಉಪಕರಣವಾಗಿ ಬಳಕೆಯಾದದ್ದು ಒಂದು ಜೀವ. ಅವಳ ಒಪ್ಪಿಗೆಯನ್ನು ಕೇಳಿದ ಸಾಲು ಎಲ್ಲಿಯೂ ಇಲ್ಲ, ಅವಳ ಹೇಳಿಕೆ ಮಾತ್ರ ಸಾಕ್ಷ್ಯವಾಗಿ ಬೇಕಾಗಿತ್ತು. ಪರೀಕ್ಷೆಯ ವಿಧಾನವೂ ಪ್ರಶ್ನಾರ್ಹವೇ. ಕಾವಲಿನ ನಡುವೆ, ಎರಡು ಸಂಸ್ಥಾನಗಳ ಮಾನವನ್ನು ಹೊತ್ತು ಹಾಸಿಗೆಗೆ ಹೋದ ಇಪ್ಪತ್ತೊಂದರ ಹರೆಯದವನು ಮೊದಲ ದಿನ ಸೋತಿದ್ದರಲ್ಲಿ ರೋಗವೇನೂ ಇಲ್ಲ. ಆತಂಕವೊಂದೇ ಸಾಕು, ಆರೋಗ್ಯವಂತ ಗಂಡಸಿನಲ್ಲೂ ಹಾಗಾಗುತ್ತದೆ. ಎರಡನೆಯ ಪ್ರಯತ್ನದ ಸಫಲತೆಯಾದರೂ ಸಾಬೀತು ಮಾಡಿದ್ದು ಒಂದು ದಿನ, ಒಬ್ಬ ಹೆಂಗಸಿನೊಂದಿಗೆ ಅವನು ಸಮರ್ಥನಾಗಿದ್ದ ಎಂಬುದನ್ನಷ್ಟೇ. ಮೆಡಿಚಿಗಳಿಗೆ ನಿಜವಾಗಿ ಬೇಕಿದ್ದುದು ಸಂತಾನದ ಭರವಸೆ, ಮತ್ತು ಅದನ್ನು ಆ ಕಾಲದ ಯಾವ ಪರೀಕ್ಷೆಯೂ ಮುಟ್ಟಲಾರದಾಗಿತ್ತು. ವೀರ್ಯಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಹಾಲೆಂಡಿನ ಲೇವನ್‌ಹುಕ್ ವರದಿ ಮಾಡಿದ್ದು 1677ರಲ್ಲಿ. ಫ್ರಾನ್ಸಿನ ನ್ಯಾಯಾಲಯಗಳು ಷಂಡತನದ ಆರೋಪ ಹೊತ್ತ ಗಂಡನನ್ನು ತಜ್ಞರ ಕಾವಲಿನಲ್ಲಿ ಹೆಂಡತಿಯೊಂದಿಗೆ ಮಲಗಿಸಿ ನೋಡುತ್ತಿದ್ದ ಪದ್ಧತಿಯನ್ನು ಪ್ಯಾರಿಸ್ಸಿನ ಉಚ್ಚ ನ್ಯಾಯಸಭೆ ನಿಷೇಧಿಸಿದ್ದೂ ಕಾಕತಾಳೀಯವಾಗಿ ಅದೇ ವರ್ಷ.

ಎಲಿಯನೊರಾ ನಾಲ್ವರು ಗಂಡುಮಕ್ಕಳನ್ನು ಹೆತ್ತು ಪರೀಕ್ಷೆಯನ್ನು ಸಾರ್ಥಕಪಡಿಸಿದಳೆಂದೇ ಎಲ್ಲರೂ ಭಾವಿಸಿದರು. ಒಬ್ಬ ಎಳವೆಯಲ್ಲೇ ಸತ್ತ, ಉಳಿದ ಮೂವರೂ ಒಬ್ಬರ ನಂತರ ಒಬ್ಬರು ಪಟ್ಟವೇರಿದರು, ಮೂವರಿಗೂ ಬದುಕುಳಿದ ಸಕ್ರಮ ಗಂಡುಸಂತಾನವಿರಲಿಲ್ಲ. 1627ರಲ್ಲಿ ಕೊನೆಯವನು ಸತ್ತಾಗ ಮನೆತನದ ಹಿರಿಯ ಕವಲು ಮುಗಿದು, ಉತ್ತರಾಧಿಕಾರದ ಯುದ್ಧ ನಡೆದು, 1630ರಲ್ಲಿ ಮಾಂಟುವಾ ಸೂರೆಹೋಯಿತು.

ಈ ಹಳೆಯ ಕಾಗದಗಳು ನನ್ನ ಮೇಜಿನಿಂದ ತುಂಬ ದೂರದವಲ್ಲ. ಇಂಗ್ಲೆಂಡಿನ ಎಂಟನೆಯ ಹೆನ್ರಿ 1540ರಲ್ಲಿ ಕ್ಲೀವ್ಸ್‌ನ ಆ್ಯನಳಿಂದ ಬಿಡಿಸಿಕೊಳ್ಳುವಾಗ, ತನಗೆ ಬೇರೆಯವರೊಂದಿಗೆ ಸಾಮರ್ಥ್ಯವಿದೆ, ಇವಳೊಬ್ಬಳೊಂದಿಗೆ ಮಾತ್ರ ಇಲ್ಲವೆಂದು ಹೇಳಿಕೊಂಡ. ಅವನಿಗೆ ನಿದ್ದೆಯಲ್ಲಿ ಸ್ಖಲನವಾಗಿದೆಯೆಂದು ಆಸ್ಥಾನವೈದ್ಯ ಬಟ್ಸ್ ಸಾಕ್ಷಿ ನುಡಿದ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಎದುರಿನಲ್ಲಿ ಮಾತ್ರ ಇರುವ ಈ ಬಗೆಯ ಅಸಾಮರ್ಥ್ಯವನ್ನು ಚರ್ಚಿನ ನ್ಯಾಯ ಒಪ್ಪಿತ್ತು. ಅಲ್ಲಿಂದ ಅದು ಇಂಗ್ಲೆಂಡಿನ ಕಾನೂನಿಗೆ, ಅಲ್ಲಿಂದ ಬ್ರಿಟಿಷರ ಮೂಲಕ ನಮ್ಮ ನ್ಯಾಯಾಲಯಗಳಿಗೆ ಮತ್ತು ನಾವು ಓದಿದ ಪಠ್ಯಗಳಿಗೆ ಬಂತು. 1955ರ ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮಿನಲ್ಲಿ, ಎದುರುದಾರರ ಷಂಡತನದ ಕಾರಣ ಸಮಾಗಮವಾಗದಿದ್ದ ಮದುವೆಯನ್ನು ರದ್ದುಗೊಳಿಸಬಹುದೆಂದು ಇರುವುದು ಇದೇ ವಂಶಾವಳಿಯ ಮಾತು. ವೈವಾಹಿಕ ವ್ಯಾಜ್ಯದಲ್ಲಿ ನ್ಯಾಯಾಲಯ ವೈದ್ಯಕೀಯ ಪರೀಕ್ಷೆಗೆ ಆದೇಶಿಸಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಸ್ಪಷ್ಟಪಡಿಸಿದೆ. ಒಪ್ಪದವರನ್ನು ಬಲವಂತಪಡಿಸಲಾಗದಿದ್ದರೂ ಅವರ ನಿರಾಕರಣೆಯಿಂದ ನ್ಯಾಯಾಲಯ ಪ್ರತಿಕೂಲ ಊಹೆಗೆ ಬರಬಹುದು.

ಗಂಡಸನ್ನು ಪರೀಕ್ಷಿಸಿದ ಮೇಲೆ ನಾವು ಕೊಡುವ ಪ್ರಮಾಣಪತ್ರದಲ್ಲಿ ಅವನು ಸಮರ್ಥನೆಂದು ಬರೆಯುವುದಿಲ್ಲ. ಅಸಮರ್ಥನೆಂದು ಸೂಚಿಸುವ ಅಂಶವೇನೂ ಕಂಡುಬಂದಿಲ್ಲ ಎಂದು ಬರೆಯುತ್ತೇವೆ. ವಕೀಲರು ಈ ಸುತ್ತುಮಾತಿಗೆ ಸಿಡಿಮಿಡಿಗೊಳ್ಳುತ್ತಾರೆ. ರಕ್ತನಾಳ, ನರ, ಹಾರ್ಮೋನು, ಅಂಗರಚನೆ ಎಲ್ಲವನ್ನೂ ನೋಡಿದರೂ ಅದಕ್ಕಿಂತ ಮುಂದಕ್ಕೆ ಹೋಗಲು ಆಧಾರವಿರುವುದಿಲ್ಲ. ಹೆಂಗಸಿನ ವಿಷಯದಲ್ಲಿ ಬದಲಾವಣೆ ತಡವಾಗಿ ಬಂತು. ಕನ್ಯಾಪೊರೆಯನ್ನು ನೋಡಿ ಕನ್ಯತ್ವವನ್ನು ಹೇಳಬಹುದೆಂಬುದು ವೈಜ್ಞಾನಿಕವಾಗಿ ನಿಲ್ಲುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು 2018ರಲ್ಲಿ ಸಾರಿದವು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ನ್ಯಾಯವೈದ್ಯಶಾಸ್ತ್ರದ ಪಠ್ಯಕ್ರಮವನ್ನು ತಿದ್ದಿ, ಇಂಥ ಪರೀಕ್ಷೆಗಳು ಏಕೆ ಅವೈಜ್ಞಾನಿಕ ಮತ್ತು ಅಮಾನವೀಯ ಎಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕೆಂದಿತು.

ಆದರೂ ಆಗೊಮ್ಮೆ ಈಗೊಮ್ಮೆ, ಇಂಥವರು ದಾಂಪತ್ಯ ಜೀವನಕ್ಕೆ ಯೋಗ್ಯರೇ ಎಂಬುದನ್ನು ಪರೀಕ್ಷಿಸಿ ತಿಳಿಸಿ ಎಂಬ ಒಂದೇ ಸಾಲಿನ ಕೋರಿಕೆ ಮೇಜಿಗೆ ಬರುತ್ತದೆ. ಯಾವ ಅಂಶದ ಬಗ್ಗೆ, ಯಾವ ಆರೋಪದ ಹಿನ್ನೆಲೆಯಲ್ಲಿ ಅಭಿಪ್ರಾಯ ಬೇಕೆಂದು ನಿರ್ದಿಷ್ಟವಾಗಿ ತಿಳಿಸಿ, ಪರೀಕ್ಷೆಗೆ ಒಳಗಾಗುವವರ ಲಿಖಿತ ಒಪ್ಪಿಗೆಯನ್ನೂ ಲಗತ್ತಿಸಿ ಎಂದು ಬರೆದು ನಾನು ಅದನ್ನು ಹಿಂದಕ್ಕೆ ಕಳಿಸುತ್ತೇನೆ. ಹಲವು ಪ್ರಕರಣಗಳಲ್ಲಿ ಎರಡನೆಯ ಪತ್ರ ಬರುವುದೇ ಇಲ್ಲ. ವಿಚಾರಿಸಿದಾಗ, ಜೀವನಾಂಶದ ಮೊತ್ತದ ಬಗ್ಗೆ ಎರಡೂ ಕಡೆಯವರು ರಾಜಿಯಾಗಿರುವುದು ತಿಳಿಯುತ್ತದೆ.